ಪ್ರಾಗ್‌ನ ಹಳೆಯ ಪುರಭವನ: ಗಡಿಯಾರವನ್ನು ಹೊರಗಿನಿಂದ ನೋಡಿದರೆ ಸಾಕೇ, ಟಿಕೆಟ್ ಕೊಂಡು ಗೋಪುರವನ್ನೂ ಹತ್ತಬೇಕೇ?

ಕೈಯಲ್ಲಿರುವುದು ಅರ್ಧ ದಿನ, ಮಧ್ಯಾಹ್ನ ವಿಯೆನ್ನಾಕ್ಕೆ ಬಸ್ಸು ಎಂದು ಬರೆದಿದ್ದೀರಿ. ನನ್ನ ಹಳೆಯ ಪ್ರವಾಸವನ್ನೇ ಯಾರೋ ಎತ್ತಿ ಕೇಳಿದಂತಾಯಿತು.

ನಾನು ಹೋದದ್ದು ಒಂದು ಸಂಕ್ರಾಂತಿಯ ದಿನ. ಕೈಗವಸು ತೆಗೆದರೆ ಬೆರಳು ಮರಗಟ್ಟುವ ಚಳಿ. ಸಭಾಂಗಣ, ಚಾಪೆಲ್ (ಒಳಗಿನ ಚಿಕ್ಕ ಪ್ರಾರ್ಥನಾ ಮಂದಿರ), ಗೋಪುರ ಎಲ್ಲ ಸೇರಿದ ಟಿಕೆಟ್ಟನ್ನು ಹತ್ತೂವರೆಗೇ ಕೊಂಡು ಜೇಬಿಗೆ ಹಾಕಿಕೊಂಡಿದ್ದೆ. ಆಗಲೇ ಒಳಗೆ ಹೋಗಬಹುದಿತ್ತು. ಹೊರಗೋಡೆಯ ಖಗೋಳ ಗಡಿಯಾರದಲ್ಲಿ ಗಂಟೆಗೊಮ್ಮೆ ಗೊಂಬೆಯಾಟ ನಡೆಯುತ್ತದೆ. ಹನ್ನೊಂದರ ಆಟ ನೋಡಿಕೊಂಡೇ ಹೋದರಾಯಿತು ಎಂದು ಚೌಕದಲ್ಲಿ ನಿಂತೆ. ನನ್ನ ಮುಂದೆ ಇನ್ನೂರು ತಲೆಗಳು, ಇನ್ನೂರು ಮೊಬೈಲ್‌ಗಳು. ಗಂಟೆಯಾಯಿತು. ಅಸ್ಥಿಪಂಜರ ಹಗ್ಗ ಜಗ್ಗಿತು, ಪಕ್ಕದ ತುರ್ಕ 'ಬರಲಾರೆ' ಎಂಬಂತೆ ತಲೆಯಾಡಿಸಿದ, ಮೇಲಿನ ಎರಡು ಕಿಟಕಿಗಳಲ್ಲಿ ಅಪೊಸ್ತಲರು, ಅಂದರೆ ಯೇಸುವಿನ ಹನ್ನೆರಡು ಶಿಷ್ಯರು, ಒಬ್ಬೊಬ್ಬರಾಗಿ ಮುಖ ತೋರಿಸಿ ಸರಿದರು, ಚಿನ್ನದ ಕೋಳಿ ಕೂಗಿತು. ಒಂದು ನಿಮಿಷವೂ ಹಿಡಿಯಲಿಲ್ಲ. ನಾನು ತೆಗೆದ ವಿಡಿಯೊ ಇನ್ನೂ ಇದೆ. ಅದರ ಮುಕ್ಕಾಲು ಭಾಗ ಯಾರದೋ ಕೆಂಪು ಉಣ್ಣೆಟೋಪಿ.

ಆಮೇಲೆ ಒಳಗೆ ಹೋದೆ. ಚಾಪೆಲ್ ತಲುಪಿದಾಗ ಹನ್ನೊಂದೂ ಹತ್ತು. ಅಲ್ಲಿ ನೋಡುತ್ತೇನೆ, ಹೊರಗೆ ಕತ್ತು ನೋಯಿಸಿಕೊಂಡು ನೋಡಿದ ಆ ಅಪೊಸ್ತಲರು ಗೋಡೆಯ ಈಚೆ, ಕೆಲವೇ ಅಡಿ ದೂರದಲ್ಲಿ, ಚಕ್ರಗಳ ಮೇಲೆ ಸುಮ್ಮನೆ ನಿಂತಿದ್ದಾರೆ. ಎರಡು ಚಕ್ರ, ಒಂದೊಂದರ ಮೇಲೆ ಆರಾರು ಜನ. ಗಂಟೆ ಹೊಡೆದಾಗ ಅವು ತಿರುಗುವುದನ್ನು ಈ ಕೋಣೆಯಲ್ಲಿ ನಿಂತೇ ನೋಡಬಹುದು. ಇನ್ನೊಮ್ಮೆ ಯಾವಾಗ ಎಂದು ಕಾವಲಿನ ಹೆಂಗಸನ್ನು ಕೇಳಿದೆ. ಆಕೆ ಮಾತಾಡದೆ ಕೈಗಡಿಯಾರ ತೋರಿಸಿದರು. ಹನ್ನೆರಡಕ್ಕೆ.

ನನ್ನ ಬಸ್ಸು ಹನ್ನೆರಡೂ ಕಾಲಿಗೆ, ಪ್ರಾಗ್‌ನದೇ ಫ್ಲೋರೆಂಟ್ಸ್ ನಿಲ್ದಾಣದಿಂದ. ಪೆಟ್ಟಿಗೆ ಎಳೆದುಕೊಂಡು ನಡೆಯಲು ಇಪ್ಪತ್ತು ನಿಮಿಷ ಬೇಕು. ಹನ್ನೆರಡರ ಆಟ ನೋಡಿದರೆ ಬಸ್ಸಿಲ್ಲ. ತಪ್ಪು ಎಲ್ಲಾಯಿತು ಎಂದು ವಿಯೆನ್ನಾ ಮುಟ್ಟುವವರೆಗೂ ಲೆಕ್ಕ ಹಾಕಿದೆ. ಟಿಕೆಟ್ ಇರಲಿಲ್ಲವೆಂದಲ್ಲ, ಇತ್ತು. ತಡವಾಯಿತೆಂದೂ ಅಲ್ಲ, ಅರ್ಧ ಗಂಟೆ ಮೊದಲೇ ಬಂದಿದ್ದೆ. ಗಡಿಯಾರ ಹೊರಗಿನ ನೋಟ, ಕಟ್ಟಡ ಒಳಗಿನ ನೋಟ, ಎರಡೂ ಬೇರೆ ಬೇರೆ ಎಂದು ತಲೆಯಲ್ಲಿ ಕೂತಿತ್ತು. ಹನ್ನೊಂದು ಹೊಡೆಯುವಾಗ ಗೋಡೆಯ ಒಳಗಿರಬೇಕಾದವನು ಹೊರಗಿದ್ದೆ, ಅದೂ ಜೇಬಿನಲ್ಲಿ ಟಿಕೆಟ್ ಇಟ್ಟುಕೊಂಡು! ನಿಮ್ಮ ಪ್ರಶ್ನೆಯಲ್ಲೂ ಅದೇ ಗೋಡೆ ಎದ್ದು ನಿಂತಿದೆ.

ಹೊರಗಿನಿಂದ ನೋಡಲು ಏನೂ ಇಲ್ಲವೆಂದಲ್ಲ. ಆದರೆ ನೋಡಬೇಕಾದದ್ದು ಗೊಂಬೆಯಾಟವನ್ನಲ್ಲ, ಅದರ ಕೆಳಗಿನ ಫಲಕವನ್ನು. ಅದು ಯಾವ ಹೊತ್ತಿಗೆ ಹೋದರೂ ಸಿಗುತ್ತದೆ, ಜನ ಚದುರಿದ ಮೇಲೆ ಇನ್ನೂ ಚೆನ್ನಾಗಿ. ಪಂಚಾಂಗ ನೋಡುವ ಮನೆಯಲ್ಲಿ ಬೆಳೆದವರಿಗಂತೂ ಅದು ಅರೆಪರಿಚಿತ: ರಾಶಿಚಕ್ರ, ಅದರ ಮೇಲೆ ಸರಿಯುವ ಸೂರ್ಯ, ಅರ್ಧ ಕಪ್ಪು ಅರ್ಧ ಬೆಳ್ಳಿಯ ಚಂದ್ರ. ಸಂಕ್ರಾಂತಿಯಾದ್ದರಿಂದ ಸೂರ್ಯ ಆಗಷ್ಟೇ ಮಕರಕ್ಕೆ ಕಾಲಿಟ್ಟಿರುತ್ತಾನೆ ಎಂದುಕೊಂಡೆ. ಅಲ್ಲಿ ಅವನು ಮಕರವನ್ನು ಬಹುತೇಕ ದಾಟಿದ್ದ. ಅವರದು ಋತುಗಳಿಗೆ ಹೊಂದಿಸಿದ ಸಾಯನ ಲೆಕ್ಕ, ನಮ್ಮದು ನಕ್ಷತ್ರಗಳಿಗೆ ಹೊಂದಿಸಿದ ನಿರಯನ. ನಡುವೆ ಸುಮಾರು 24 ಡಿಗ್ರಿ ಅಂತರ. ಹೊರಗಿನ ಬಳೆಯ 24 ಅಂಕಿಗಳು ಹಳೆಯ ಬೊಹಿಮಿಯಾದ (ಈಗಿನ ಚೆಕ್ ದೇಶದ ಭಾಗ) ಲೆಕ್ಕ, ಸೂರ್ಯಾಸ್ತದಿಂದ ದಿನ ಶುರು. ನಮ್ಮದು ಸೂರ್ಯೋದಯದಿಂದ. ಇದನ್ನು 1410ರಲ್ಲಿ ಕಟ್ಟಿದವನು ಕಡಾನ್ಯದ ಮಿಕುಲಾಶ್. ಹನುಷ್ ಎಂಬಾತ ಕಟ್ಟಿದ, ಇನ್ನೊಂದನ್ನು ಕಟ್ಟದಿರಲಿ ಎಂದು ಅವನ ಕಣ್ಣು ಕೀಳಿಸಿದರು ಎಂದು ಮಾರ್ಗದರ್ಶಕರು ಹೇಳುವುದು ಬರೀ ಕಟ್ಟುಕತೆ.

ಕಟ್ಟಡವನ್ನು ನಮ್ಮ ಬೆಂಗಳೂರಿನ ಪುರಭವನದ ಹಾಗೆ ಕಲ್ಪಿಸಿಕೊಳ್ಳಬೇಡಿ. 1338ರಲ್ಲಿ ರಾಜನ ಅನುಮತಿ ಸಿಕ್ಕ ಪಟ್ಟಣಿಗರು ಮೊದಲು ಒಂದು ಮನೆ ಕೊಂಡರು, ಆಮೇಲೆ ಪಕ್ಕದ್ದು, ಅದರ ಪಕ್ಕದ್ದು. ಲೇಖಕ ಕಾಫ್ಕಾ ಬಾಲ್ಯ ಕಳೆದ ಚಿತ್ರಗೋಡೆಯ ಮನೆಯೂ ಈಗ ಈ ಸಾಲಿಗೇ ಸೇರಿದೆ. ಪೂರ್ವದ ಪಾರ್ಶ್ವ 1945ರ ಮೇ 8ರಂದು ಸುಟ್ಟುಹೋಯಿತು. ಅದರ ಜಾಗ ಇಂದಿಗೂ ಖಾಲಿ. ಅಪೊಸ್ತಲರೂ ಬೆಂಕಿಗೆ ಹೋದರು. ಈಗಿರುವವರು ಆ ನಂತರ ಶಿಲ್ಪಿ ಸುಖಾರ್ಡ ಕೆತ್ತಿದವರು.

ಗೋಪುರ ಬಿಟ್ಟರೂ ನಷ್ಟವಿಲ್ಲ ಎಂಬುದು ನನ್ನ ಖಂಡಿತ ಅಭಿಪ್ರಾಯ. ಸುಮಾರು 70 ಮೀಟರ್ ಎತ್ತರ, ಲಿಫ್ಟ್ ಇದೆ, ಕೆಂಪು ಹೆಂಚಿನ ಮಾಡುಗಳು ಕಾಣುತ್ತವೆ, ಸರಿ. ಹೆಂಚಿನ ಮಾಡು ನೋಡಲು ಆ ಊರಿನಲ್ಲಿ ಬೇರೆ ಗೋಪುರಗಳೂ ಇವೆ. ಗಂಟೆಗೆ ಹತ್ತು ನಿಮಿಷ ಮುಂಚೆ ಚಾಪೆಲ್‌ನಲ್ಲಿರಿ. ಬಸ್ಸನ್ನು ಎರಡರ ಮೇಲಿನದಕ್ಕೆ ಬದಲಾಯಿಸಿಕೊಳ್ಳಿ, ಇವತ್ತೇ.

ನಾನು ಮತ್ತೆ ಹೋದದ್ದು ಮೂರು ವರ್ಷಗಳ ಮೇಲೆ. ಚಾಪೆಲ್‌ನಲ್ಲಿ ನಾವು ಐದೇ ಜನ. ಚಕ್ರಗಳು ತಿರುಗಿ ನಿಂತವು, ಹೊರಗೆ ಚೌಕದಲ್ಲಿ ಜನ ಚಪ್ಪಾಳೆ ತಟ್ಟುವುದು ಕೇಳಿಸಿತು. ಐದಾರು ನಿಮಿಷದಲ್ಲಿ ಒಬ್ಬ ಹುಡುಗ ಏದುಸಿರು ಬಿಡುತ್ತ ಒಳಗೆ ಬಂದ, ಕೈಯಲ್ಲಿ ಇನ್ನೂ ಮೊಬೈಲ್ ಎತ್ತಿ ಹಿಡಿದಿದ್ದ. ಅಪೊಸ್ತಲರನ್ನು ನೋಡಿದ, ಕಾವಲುಗಾರನ ಕಡೆ ತಿರುಗಿದ. ಅವನು ಬಾಯಿ ತೆರೆಯುವ ಮೊದಲೇ ಕಾವಲುಗಾರ ಕೈಗಡಿಯಾರ ತೋರಿಸಿದ.