ಸಾವಿನ ನಂತರದ ಓಡಾಟ: ಯಾರನ್ನು ನಂಬಬೇಕು, ಯಾವುದಕ್ಕೆ ಸಹಿ ಹಾಕಬೇಕು

ಪ್ರಶ್ನೆ: ನಮ್ಮ ಯಜಮಾನರು ಹೋದ ತಿಂಗಳು ಮೈಸೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರ ಹೆಸರಿನಲ್ಲಿ ಎರಡೂವರೆ ಎಕರೆ ಜಮೀನಿದೆ. ಮರಣ ಪ್ರಮಾಣ ಪತ್ರದಿಂದ ಪೌತಿ ಖಾತೆವರೆಗೆ (ಮೃತರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸುವುದು) ಎಲ್ಲಾ ಮಾಡಿಸಿಕೊಡುತ್ತೇನೆ, 40 ಸಾವಿರ ಆಗುತ್ತೆ, ಒರಿಜಿನಲ್ ಕಾಗದಗಳನ್ನು ಕೊಟ್ಟಿರಿ ಅಂತ ಪರಿಚಯದವರೊಬ್ಬರು ಹೇಳುತ್ತಿದ್ದಾರೆ. ಕೊಡಬಹುದಾ?
— ಓದುಗರು, ಹಾಸನ ಜಿಲ್ಲೆ

ಉತ್ತರ: ಒರಿಜಿನಲ್ ಕಾಗದವನ್ನು ಯಾರಿಗೂ ಕೊಡಬೇಡಿ. ಅಧಿಕಾರಿಗೆ ತೋರಿಸುವುದಿದ್ದರೆ ನೀವೇ ಒಯ್ದು ತೋರಿಸಿ, ನೀವೇ ವಾಪಸ್ ತನ್ನಿ. ಆ 40 ಸಾವಿರದ ಬಹುಪಾಲು ಕೆಲಸ ನೀವೇ ಮಾಡಿಸಿಕೊಳ್ಳಬಹುದಾದದ್ದು.

ಮೊದಲು ಮರಣ ಪ್ರಮಾಣ ಪತ್ರ. ಸಾವು ಎಲ್ಲಿ ಸಂಭವಿಸಿತೋ ನೋಂದಣಿ ಅಲ್ಲೇ ಆಗುತ್ತದೆ, ಸ್ವಂತ ಊರಿನಲ್ಲಲ್ಲ. ಎಷ್ಟೋ ಕುಟುಂಬಗಳು ತಮ್ಮೂರಿನ ಕಚೇರಿಗೆ ಅಲೆದು ಸಮಯ ಕಳೆಯುವುದು ಇದು ಗೊತ್ತಿಲ್ಲದೆ. ಆಸ್ಪತ್ರೆಯಲ್ಲಾದ ಸಾವನ್ನು ಆಸ್ಪತ್ರೆಯವರೇ ನೋಂದಣಿಗೆ ತಿಳಿಸಬೇಕು. ಹಾಗಾಗಿ ನಿಮ್ಮದು ಮೈಸೂರಿನಲ್ಲೇ ನೋಂದಣಿಯಾಗಿರುತ್ತದೆ. ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ವಿಚಾರಿಸಿ. ಮನೆಯಲ್ಲಿ ತೀರಿಕೊಂಡಿದ್ದರೆ ಮನೆಯವರು 21 ದಿನದೊಳಗೆ ತಿಳಿಸಬೇಕಿತ್ತು. 30 ದಿನದವರೆಗೆ ತಡವಾದರೆ ಸಣ್ಣ ದಂಡ, ಅದರಾಚೆ ಮೇಲಧಿಕಾರಿಯ ಅನುಮತಿ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕಾಗುತ್ತದೆ. ಪತ್ರ ಕೈಗೆ ಬಂದ ಕೂಡಲೇ ಹೆಸರು, ಇನಿಷಿಯಲ್, ತಂದೆಯ ಹೆಸರನ್ನು ಆಧಾರ್ ಮತ್ತು ಪಹಣಿ ಜೊತೆ ಅಕ್ಷರಕ್ಕಕ್ಷರ ತಾಳೆ ನೋಡಿ. ಪಹಣಿಯಲ್ಲಿ ‘ಕೆಂಪಯ್ಯ ಬಿನ್ ಸಿದ್ದಯ್ಯ’, ಪತ್ರದಲ್ಲಿ ‘ಎಸ್. ಕೆಂಪಣ್ಣ’ ಎಂದಿದ್ದರೆ ಮುಂದೆ ಪ್ರತಿ ಕಚೇರಿಯಲ್ಲೂ ತಡೆಯಾಗುತ್ತದೆ. ತಿದ್ದುಪಡಿ ಮಾಡಿಸುವುದು ಈಗಲೇ ಸುಲಭ.

ಆಮೇಲೆ ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಹಾಕಿ. ಗ್ರಾಮ ಆಡಳಿತ ಅಧಿಕಾರಿ ಊರಲ್ಲಿ ವಿಚಾರಿಸಿ ವರದಿ ಕೊಡುತ್ತಾರೆ. ಅದರಲ್ಲಿ ನೀವು, ಗಂಡುಮಕ್ಕಳು, ಮದುವೆಯಾಗಿ ಹೋದ ಹೆಣ್ಣುಮಕ್ಕಳು ಎಲ್ಲರೂ ಇರಬೇಕು. ಅತ್ತೆಯವರು ಬದುಕಿದ್ದರೆ ಅವರೂ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಮೃತರ ತಾಯಿ ಮೊದಲ ದರ್ಜೆಯ ವಾರಸುದಾರರು. ಜನ ಹೆಚ್ಚಾಗಿ ಮರೆಯುವುದು ಅವರನ್ನೇ. ಒಂದು ಹೆಸರು ಬಿಟ್ಟು ಮಾಡಿಸಿದ ಖಾತೆ ಎಂದಾದರೊಂದು ದಿನ ಉಪವಿಭಾಗಾಧಿಕಾರಿಗಳ ಮುಂದೆ ಬಂದು ನಿಲ್ಲುತ್ತದೆ.

ವಂಶವೃಕ್ಷ, ಮರಣ ಪ್ರಮಾಣ ಪತ್ರ, ಪಹಣಿ, ಎಲ್ಲರ ಆಧಾರ್ ಇಟ್ಟು ಪೌತಿ ಖಾತೆಗೆ ಜಂಟಿಯಾಗಿ ಅರ್ಜಿ ಹಾಕಿ. ಜಂಟಿ ಖಾತೆ ಮಾಡಿಸಿದರೆ ವಿಭಾಗ ಆದಂತಲ್ಲ, ಯಾರ ಹಕ್ಕೂ ಹೋಗುವುದಿಲ್ಲ. ‘ಸದ್ಯಕ್ಕೆ ಒಬ್ಬರ ಹೆಸರಿಗೆ ಇರಲಿ’ ಎಂಬ ಮಾತಿಗೆ ಒಪ್ಪಬೇಡಿ.

ಓಡಾಡಲು ಜನ ಬೇಕೇ ಬೇಕು ಅನ್ನಿಸಿದರೆ, ಒಂದೊಂದು ಕೆಲಸಕ್ಕೂ ಬೇರೆ ಬೇರೆ ಹಣ ಎಂದು ಬರೆಸಿಕೊಳ್ಳಿ. ಅರ್ಜಿಯ ಸ್ವೀಕೃತಿ ಕೈಗೆ ಬಂದ ಮೇಲೆ ಕೊಡಿ. ಖಾಲಿ ಸ್ಟಾಂಪ್ ಪೇಪರಿಗೆ ಸಹಿ, ಹೆಬ್ಬೆಟ್ಟು, ಮೊಬೈಲಿಗೆ ಬರುವ ಒಟಿಪಿ ಮಾತ್ರ ಯಾವ ಕಾರಣಕ್ಕೂ ಬೇಡ. ತಕರಾರು ಬಂದರೆ ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇದೆ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರ ನೆರವು ಉಚಿತ. ಸಹಾಯವಾಣಿ 15100.

ಪ್ರಶ್ನೆ: ಅಪ್ಪನ ಎಫ್‌ಡಿಗೆ ಅಮ್ಮ ನಾಮಿನಿ. ಆದರೂ ಕೋರ್ಟಿನಿಂದ ಉತ್ತರಾಧಿಕಾರ ಪತ್ರ ತನ್ನಿ ಎಂದು ಬ್ಯಾಂಕಿನವರು ಹೇಳುತ್ತಿದ್ದಾರೆ. ಹಣದಲ್ಲಿ ಶೇಕಡಾ 10 ಕೊಟ್ಟರೆ ತೆಗೆಸಿಕೊಡುತ್ತೇನೆ ಎಂದು ವಕೀಲರೊಬ್ಬರು ಹೇಳಿದ್ದಾರೆ.
— ಓದುಗರು, ದಾವಣಗೆರೆ

ಉತ್ತರ: ಎರಡೂ ತಪ್ಪು. ನಾಮಿನಿ ಇದ್ದು, ಕೋರ್ಟಿನ ತಡೆಯಾಜ್ಞೆ ಇಲ್ಲದಿದ್ದರೆ ಕ್ಲೇಮ್ ಫಾರಂ, ಮರಣ ಪ್ರಮಾಣ ಪತ್ರ, ನಾಮಿನಿಯ ಗುರುತಿನ ಚೀಟಿ ಸಾಕು. ಮೊತ್ತ ಎಷ್ಟೇ ಇರಲಿ, ಉತ್ತರಾಧಿಕಾರ ಪತ್ರವಾಗಲಿ ಜಾಮೀನಾಗಲಿ ಕೇಳಬಾರದು ಎಂಬುದು ರಿಸರ್ವ್ ಬ್ಯಾಂಕಿನ ಸ್ಪಷ್ಟ ಸೂಚನೆ. ದಾಖಲೆ ಕೊಟ್ಟ 15 ದಿನದೊಳಗೆ ಇತ್ಯರ್ಥ ಮಾಡಬೇಕು. ಅರ್ಜಿಯನ್ನು ಬರವಣಿಗೆಯಲ್ಲಿ ಕೊಟ್ಟು ಸೀಲು ಹಾಕಿದ ಪ್ರತಿ ಇಟ್ಟುಕೊಳ್ಳಿ. ಬಾಯಿಮಾತಿನಲ್ಲಿ ‘ಆಗಲ್ಲ’ ಎಂದವರು ಅದನ್ನೇ ಬರೆದುಕೊಡಿ ಎಂದರೆ ಹಿಂಜರಿಯುತ್ತಾರೆ. ಬ್ಯಾಂಕಿಗೆ ದೂರು ಕೊಟ್ಟು 30 ದಿನವಾದರೂ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಸಲ್ಲಿಸಿ, ಮಾಹಿತಿಗೆ 14448.

ಬರುವ ಹಣದಲ್ಲಿ ಪಾಲು ಕೇಳುವುದನ್ನು ವಕೀಲರ ವೃತ್ತಿ ನಿಯಮಗಳೇ ನಿಷೇಧಿಸಿವೆ. ಅಂಥವರ ಬಳಿ ಹೋಗಬೇಡಿ. ಒಂದು ವಿಷಯ ನೆನಪಿರಲಿ: ನಾಮಿನಿ ಹಣ ಪಡೆಯುವವರು ಅಷ್ಟೇ, ಅದಕ್ಕೆ ಪೂರ್ಣ ಒಡೆಯರಲ್ಲ. ವಿಲ್ ಇಲ್ಲದಿದ್ದರೆ ಆ ಹಣದಲ್ಲಿ ಮಕ್ಕಳಿಗೂ ಪಾಲಿದೆ.

ಹಾಗೆಯೇ ಅಪ್ಪನ ಪಾಸ್‌ಬುಕ್ಕಿನಲ್ಲಿ ಮೇ, ಜೂನ್ ತಿಂಗಳ ಸಾಲುಗಳನ್ನು ನೋಡಿ. 436 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆ, 55 ವರ್ಷದೊಳಗಿನವರಿಗೆ 2 ಲಕ್ಷ. 20 ರೂಪಾಯಿ ಕಡಿತವಾಗಿದ್ದರೆ ಅದು ಅಪಘಾತ ವಿಮೆ. ಮನೆಯವರಿಗೆ ಗೊತ್ತೇ ಇರದೆ ಈ ಹಣ ಬ್ಯಾಂಕಿನಲ್ಲೇ ಉಳಿದುಹೋಗುವುದು ನೋವಿನ ಸಂಗತಿ.

ಪ್ರಶ್ನೆ: ವೈಕುಂಠ ಸಮಾರಾಧನೆಯ ದಿನವೇ ಎಲ್ಲರೂ ಸೇರಿರುತ್ತೀರಿ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಬಿಡಿ ಎಂದು ಅಣ್ಣ ಹೇಳುತ್ತಿದ್ದಾನೆ. ತಂಗಿ ಅಮೆರಿಕದಲ್ಲಿದ್ದಾಳೆ. ಮನಸ್ತಾಪ ಬೇಡ ಅನ್ನಿಸುತ್ತಿದೆ.
— ಓದುಗರು, ಶಿವಮೊಗ್ಗ

ಉತ್ತರ: ಅಣ್ಣನಿಗೆ ಬಿಟ್ಟುಕೊಡುವುದು ನಿಮ್ಮ ಇಷ್ಟ. ಅವತ್ತೇ ಬಿಟ್ಟುಕೊಡುವ ಅಗತ್ಯ ಮಾತ್ರ ಇಲ್ಲ. ಹದಿಮೂರು ದಿನದೊಳಗೆ ಸಹಿ ಬೀಳದಿದ್ದರೆ ಆಸ್ತಿ ಕೈತಪ್ಪುತ್ತದೆ ಎಂಬ ಯಾವ ಕಾನೂನೂ ಇಲ್ಲ. ಬಿಡುಗಡೆ ಪತ್ರ ಒಮ್ಮೆ ನೋಂದಣಿಯಾದರೆ, ವಂಚನೆ ಅಥವಾ ಒತ್ತಾಯ ನಡೆದಿದೆ ಎಂದು ಕೋರ್ಟಿನಲ್ಲಿ ರುಜುವಾತು ಮಾಡದೆ ಹಿಂದೆಗೆಯಲಾಗದು. ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಹುಟ್ಟಿನಿಂದಲೇ ಇದೆ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಖಚಿತಪಡಿಸಿದೆ. ಕರಡಿನ ಪ್ರತಿ ಕೇಳಿ ತೆಗೆದುಕೊಂಡು, ಅಣ್ಣ ಗೊತ್ತುಮಾಡದ ಬೇರೆ ವಕೀಲರಿಗೆ ಓದಿಸಿ. ಸರ್ವೆ ನಂಬರುಗಳ ಪಟ್ಟಿಯ ಕೊನೆಯಲ್ಲಿ ‘ಮತ್ತು ಇತರೆ ಎಲ್ಲ ಸ್ವತ್ತುಗಳು’ ಎಂದಿದ್ದರೆ ಆ ಸಾಲನ್ನು ಹೊಡೆದುಹಾಕಿಸಿ.

ತಂಗಿ ಅಧಿಕಾರ ಪತ್ರ ಕಳಿಸುವುದಾದರೆ ಅಲ್ಲಿನ ಭಾರತೀಯ ದೂತಾವಾಸದಲ್ಲಿ ಅಥವಾ ನೋಟರಿ ಮುಂದೆ ದೃಢೀಕರಿಸಿರಬೇಕು. ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು.

ಪ್ರಶ್ನೆ: ಮಾವನವರು ಧನಿಷ್ಠಾ ಪಂಚಕದಲ್ಲಿ ಹೋದರು, ಮನೆ ಬಿಡಬೇಕು, ಶಾಂತಿಗೆ 60 ಸಾವಿರ ಆಗುತ್ತೆ ಎನ್ನುತ್ತಿದ್ದಾರೆ. ಸಾಲ ಮಾಡಲೇ?
— ಓದುಗರು, ಬೆಂಗಳೂರು

ಉತ್ತರ: ಸಾಲ ಬೇಡ. 27 ನಕ್ಷತ್ರಗಳಲ್ಲಿ ಸುಮಾರು ಐದು ಪಂಚಕಕ್ಕೆ ಸೇರುತ್ತವೆ. ಅಂದರೆ ತೀರಿಕೊಳ್ಳುವ ಪ್ರತಿ ಐದಾರು ಜನರಲ್ಲಿ ಒಬ್ಬರು ಆ ಅವಧಿಯಲ್ಲೇ ಹೋಗುತ್ತಾರೆ. ನಂಬಿಕೆ ಇದ್ದರೆ ನಿಮ್ಮ ಮನೆಯ ಪುರೋಹಿತರನ್ನೇ ಕೇಳಿ, ಸಂಕ್ಷಿಪ್ತ ಶಾಂತಿ ಮಾಡಿಸಿ. ಸಾಮಗ್ರಿಯ ಪಟ್ಟಿ ತೆಗೆದುಕೊಂಡು ನೀವೇ ತಂದರೆ ದಕ್ಷಿಣೆ ಎಷ್ಟು, ಸಾಮಾನು ಎಷ್ಟು ಎಂದು ತಿಳಿಯುತ್ತದೆ. ಹೆದರಿಸಿ ಮೊತ್ತ ಏರಿಸುವವರನ್ನು ಅಲ್ಲಿಗೇ ಬಿಡಿ.

ಪ್ರಶ್ನೆ: ಅಪ್ಪ ಹೋಗಿ ಮೂರು ತಿಂಗಳು. ಅಮ್ಮ ಸರಿಯಾಗಿ ಊಟ ಮಾಡಲ್ಲ, ಶುಗರ್ ಮಾತ್ರೆ ಬಿಟ್ಟಿದ್ದಾರೆ. ನಿದ್ರೆ ಮಾತ್ರೆ ಕೊಡಬಹುದಾ?
— ಓದುಗರು, ತುಮಕೂರು

ಉತ್ತರ: ಅಂಗಡಿಯಿಂದ ತಂದ ನಿದ್ರೆ ಮಾತ್ರೆ ಕೊಡಲೇಬೇಡಿ. ವಯಸ್ಸಾದವರು ರಾತ್ರಿ ಎದ್ದಾಗ ಬಿದ್ದು ಸೊಂಟ ಮುರಿದುಕೊಳ್ಳುವ ಅಪಾಯವಿದೆ, ಅಭ್ಯಾಸವೂ ಆಗುತ್ತದೆ. ಮೂರು ತಿಂಗಳಿಗೆ ಅಳು, ನಿದ್ರೆಗೇಡು ಇರುವುದು ಕಾಯಿಲೆಯಲ್ಲ. ಮಾತ್ರೆ ಬಿಟ್ಟಿರುವುದು ಮಾತ್ರ ಕಾಯುವ ವಿಷಯವಲ್ಲ. ಈ ವಾರವೇ ಅವರ ಡಾಕ್ಟರ ಬಳಿ ಕರೆದೊಯ್ದು ಶುಗರ್ ಜೊತೆಗೆ ಥೈರಾಯ್ಡ್, ಬಿ12 ಕೂಡ ನೋಡಿಸಿ. ಸುಸ್ತು, ಮಂಕು ಅವುಗಳಿಂದಲೂ ಬರುತ್ತದೆ. ‘ನಾನೂ ಅವರ ಹಿಂದೆ ಹೋಗ್ತೀನಿ’ ಎಂಬ ಮಾತು ಬಂದರೆ ಒಬ್ಬರನ್ನೇ ಬಿಡಬೇಡಿ, ಅವತ್ತೇ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡುತ್ತಾರೆ. ಆರು ತಿಂಗಳು ದಾಟಿದರೂ ದಿನದ ಕೆಲಸಕ್ಕೆ ಮರಳಲಾಗದಿದ್ದರೆ ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗಕ್ಕೆ ತೋರಿಸಿ.

ಇನ್ನೊಂದು ಮಾತು. ಬಳೆ ಒಡೆಸುವುದು, ಕುಂಕುಮ ಅಳಿಸುವುದು, ಶುಭಕಾರ್ಯಕ್ಕೆ ದೂರ ಇಡುವುದು ದುಃಖದಲ್ಲಿರುವ ಹೆಂಗಸಿಗೆ ಇನ್ನೊಂದು ಪೆಟ್ಟು. ಅದನ್ನು ತಡೆಯುವ ಶಕ್ತಿ ಮಕ್ಕಳಾದ ನಿಮಗಿದೆ. ತಡೆಯಿರಿ.

ಪ್ರಶ್ನೆ: ತೀರಿಕೊಂಡವರ ಸಿಮ್ ರದ್ದು ಮಾಡಿಸಬೇಕೇ?
— ಓದುಗರು, ಹುಬ್ಬಳ್ಳಿ

ಉತ್ತರ: ಬ್ಯಾಂಕ್, ವಿಮೆ, ಪಿಎಫ್ ಕೆಲಸ ಮುಗಿಯುವವರೆಗೆ ರೀಚಾರ್ಜ್ ಮಾಡಿ ಇಟ್ಟುಕೊಳ್ಳಿ, ಬಾಕಿ ಕಂತು, ಪಾಲಿಸಿಗಳ ಸುಳಿವು ಆ ಮೆಸೇಜುಗಳಲ್ಲೇ ಸಿಗುತ್ತದೆ. ಆದರೆ ಅದರ ಫೋನ್‌ಪೇ, ಎಟಿಎಂ ಕಾರ್ಡಿನಿಂದ ಹಣ ತೆಗೆಯಬೇಡಿ. ನಾಮಿನಿಯೇ ತೆಗೆದರೂ ಅದು ಅಕ್ರಮ, ಉಳಿದ ವಾರಸುದಾರರು ಅದರ ಮೇಲೆ ದೂರು ಕೊಡಬಹುದು. ಬ್ಯಾಂಕಿಗೆ ಮರಣದ ವಿಷಯ ತಿಳಿಸಿ ಕಾರ್ಡು ನಿಲ್ಲಿಸಿ.