‘ಎರಡು’ ಎಂದಿದ್ದ ವರದಿ

ಆಳಂದ ತಾಲ್ಲೂಕಿನ ಹಳ್ಳಿಯೊಂದರ 38 ವರ್ಷದ ಮಹಿಳೆಯನ್ನು (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ) ಅವರ ಪತಿ ಕಲಬುರಗಿಯ ನನ್ನ ಕೊಠಡಿಗೆ ಕರೆತಂದಾಗ, ಆಕೆ ಸರಿಯಾಗಿ ನಿದ್ದೆ ಮಾಡಿ 11 ದಿನಗಳಾಗಿದ್ದವು. ಸ್ತನದಲ್ಲಿ ಕೈಗೆ ಸಿಕ್ಕಿದ್ದ ಗಂಟಿಗೆ ಸ್ಕ್ಯಾನಿಂಗ್ ಆಗಿತ್ತು. ವರದಿಯ ಕೊನೆಯಲ್ಲಿದ್ದ ‘ಬೈರ್ಯಾಡ್ಸ್ 2’ ಎಂಬುದನ್ನು ಡಿಗ್ರಿ ಓದುತ್ತಿರುವ ಮೈದುನ ‘ಕ್ಯಾನ್ಸರ್, ಎರಡನೇ ಸ್ಟೇಜು’ ಎಂದು ಬಿಡಿಸಿ ಹೇಳಿದ್ದ. ವೈದ್ಯರು ಅವಸರದಲ್ಲಿ ‘ಬಿನೈನ್ ಅದ’ (ಅಂದರೆ ಕ್ಯಾನ್ಸರ್ ಅಲ್ಲ) ಎಂದದ್ದು ಆಕೆಯ ಕಿವಿಗೆ ಇನ್ನೊಂದು ರೋಗದ ಹೆಸರಾಗಿಯೇ ಬಿದ್ದಿತ್ತು. ಸೊಲ್ಲಾಪುರದ ಆಸ್ಪತ್ರೆಯ ಖರ್ಚಿಗೆಂದು ಪತಿ, ದರ ಏರಲೆಂದು ಕಾದಿಟ್ಟಿದ್ದ ತೊಗರಿಯನ್ನು ಮಾರಿಬಿಟ್ಟಿದ್ದರು. ಅತ್ತೆ ಸೊಸೆಯ ತಾಟನ್ನೇ ಬೇರೆ ಮಾಡಿದ್ದರು. ಇದನ್ನು ಹೇಳುವಾಗ ಮಾತ್ರ ಆಕೆ ಅತ್ತರು.

ಬೈರ್ಯಾಡ್ಸ್ ಎಂಬುದು ಸ್ಕ್ಯಾನಿಂಗ್‌ನಲ್ಲಿ ಕಂಡದ್ದು ಎಷ್ಟು ಅನುಮಾನಕ್ಕೆ ಎಡೆಮಾಡುತ್ತದೆ ಎಂದು ಒಬ್ಬ ವೈದ್ಯರು ಇನ್ನೊಬ್ಬರಿಗೆ ತಿಳಿಸುವ 0ರಿಂದ 6ರವರೆಗಿನ ಗುರುತು. ಅದರಲ್ಲಿ 2 ಎಂದರೆ ಕ್ಯಾನ್ಸರ್ ಅಲ್ಲ. ಹಂತದ ಲೆಕ್ಕವೇ ಬೇರೆ, ಅದು ಕ್ಯಾನ್ಸರ್ ಖಚಿತವಾದ ಮೇಲಿನದು. ಆದರೂ ವರದಿ ಓದುವುದು ನನ್ನ ಕೆಲಸವಲ್ಲದ್ದರಿಂದ, ಅವರೆದುರಿಗೇ ವೈದ್ಯರಿಗೆ ಫೋನ್ ಮಾಡಿ ಅದು ‘ಸಿಂಪಲ್ ಸಿಸ್ಟ್’ ಎಂದು ಖಾತ್ರಿ ಮಾಡಿಕೊಂಡೆ.

ಬಳಿಕ ನಾನೇ ಎಡವಿದೆ. ‘ಇದು ನಿರಪಾಯಕಾರಿ ದ್ರವಕೋಶ’ ಎಂದೆ. ಪತಿ ಗಾಬರಿಯಿಂದ, ‘ಅಪಾಯ ಅಂದ್ರೇನ್ರಿ?’ ಎಂದರು. ಇಂಗ್ಲಿಷನ್ನು ಬಿಟ್ಟು ಸಂಸ್ಕೃತವನ್ನು ಹಿಡಿದಿದ್ದೆ, ಅಷ್ಟೆ. ಮತ್ತೆ ಹೇಳಿದೆ: ‘ರೊಟ್ಟಿ ಮಾಡುವಾಗ ಹಂಚು ತಾಗಿದರೆ ಕೈ ಮೇಲೆ ನೀರಗುಳ್ಳಿ ಏಳ್ತದಲ್ಲ, ಹಂಗೇ ಒಳಗ ನೀರು ತುಂಬಿದ ಗುಳ್ಳಿ ಅದ. ಕ್ಯಾನ್ಸರ್ ಅಲ್ಲ. ಕ್ಯಾನ್ಸರೇ ಆಗಿದ್ರೂ ತಾಟಿನಿಂದ ಹತ್ತೂದಿಲ್ಲ.’

ಅರ್ಥವಾಯಿತೇ ಎಂದು ನಾನು ಕೇಳುವುದಿಲ್ಲ, ಏಕೆಂದರೆ ಮರ್ಯಾದೆಗಾಗಿ ಎಲ್ಲರೂ ಹೂಂ ಎನ್ನುತ್ತಾರೆ. ಮನೆಗೆ ಹೋಗಿ ಅತ್ತೆಗೆ ಏನು ಹೇಳುತ್ತೀರಿ ಎಂದು ಕೇಳಿದೆ. ‘ನೀರಿನ ಗುಳ್ಳಿ ಅದ, ತಾಟು ಕೂಡಿಸ್ರಿ ಅಂತೀನಿ’ ಎಂದರು.

ಕೊಟ್ಟ ಸಲಹೆ ಇಷ್ಟು: ಮುಂದಿನ ಭೇಟಿಯಲ್ಲಿ, ಇದು ಕ್ಯಾನ್ಸರ್ ಹೌದೋ ಅಲ್ಲವೋ, ಮನೆಯಲ್ಲಿ ಏನು ಮಾಡಬೇಕು, ಮತ್ತೆ ಯಾವಾಗ ಬರಬೇಕು ಎಂದು ನೇರವಾಗಿ ಕೇಳಿ, ಉತ್ತರವನ್ನು ಚೀಟಿಯ ಹಿಂಬದಿಯಲ್ಲಿ ಕನ್ನಡದಲ್ಲಿ ಬರೆಸಿಕೊಳ್ಳಿ, ಗಂಟು ದೊಡ್ಡದಾದರೆ ಅಥವಾ ತೊಟ್ಟಿನಿಂದ ರಕ್ತ ಬಂದರೆ ಆ ದಿನದವರೆಗೆ ಕಾಯಬೇಡಿ. ಮಾರಿದ ತೊಗರಿಯ ಮಾತನ್ನು ಪತಿಯೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.