ಪೆಟ್ಟಿಗೆ ಬಿಚ್ಚಿ ನೋಡೋಣ: ರಡಾರ್ ಡಿಟೆಕ್ಟರಿಗೆ ಎಷ್ಟು ವೇಗದ ಪ್ರೊಸೆಸರ್ ಬೇಕು?

ಪ್ರಶ್ನೆ: ಮೇಡಂ, ನಮಸ್ಕಾರ. ನಾನಿರುವುದು ಮೇರಿಲ್ಯಾಂಡಿನ ಜರ್ಮನ್‌ಟೌನಿನಲ್ಲಿ. ಮಗಳ ಮನೆ ನಾರ್ತ್ ಕೆರೊಲೈನಾದ ರಾಲಿಯಲ್ಲಿ. ತಿಂಗಳಿಗೊಮ್ಮೆ ಕಾರಿನಲ್ಲಿ ಹೋಗಿ ಬರುತ್ತೇನೆ. ಕಾರಿನ ವೇಗ ಅಳೆಯುವ ಪೊಲೀಸ್ ರಡಾರ್ ಹತ್ತಿರವಿದ್ದರೆ ಕೂಗಿ ಹೇಳುವ ಪೆಟ್ಟಿಗೆ, ಅದೇ ರಡಾರ್ ಡಿಟೆಕ್ಟರ್, ಒಂದು ತಗೊಳ್ಳೋಣ ಅಂತ ಅಂಗಡಿಗೆ ಹೋದರೆ ಎರಡು ತೋರಿಸಿದರು. ಒಂದರ ಪ್ರೊಸೆಸರ್ ಎರಡು ಪಟ್ಟು ವೇಗವಂತೆ, ಅದಕ್ಕೆ 200 ಡಾಲರ್ ಜಾಸ್ತಿ. ಪೊಲೀಸರ ರಡಾರ್ 34 ಗಿಗಾಹರ್ಟ್ಸ್ ಅಂತಾರೆ. ನನ್ನ ಲ್ಯಾಪ್‌ಟಾಪೇ 3 ಗಿಗಾಹರ್ಟ್ಸ್. ಈ ಸಣ್ಣ ಪೆಟ್ಟಿಗೆ ಅದನ್ನು ಹಿಡಿಯುವುದು ಹೇಗೆ? ಆ 200 ಡಾಲರ್ ಕೊಡಬಹುದಾ?
— ಎಸ್.ಆರ್., ಜರ್ಮನ್‌ಟೌನ್

ಉತ್ತರ: ಪ್ರೊಸೆಸರ್ ವಿಷಯಕ್ಕೆ ಮೊದಲು ನಿಮ್ಮ ದಾರಿಯ ವಿಷಯ ಹೇಳಬೇಕು. ಪೊಟೊಮ್ಯಾಕ್ ನದಿ ದಾಟಿದ ಕೂಡಲೇ ವರ್ಜೀನಿಯಾ. ರಾಲಿಗೆ ಹೋಗುವ ದಾರಿಯ ಬಹುಪಾಲು ಇರುವುದು ಅಲ್ಲೇ. ಅಲ್ಲಿ ಕಾರಿನಲ್ಲಿ ರಡಾರ್ ಡಿಟೆಕ್ಟರ್ ಬಳಸುವಂತಿಲ್ಲ. ವಾಷಿಂಗ್ಟನ್ ಡಿ.ಸಿ.ಯಲ್ಲೂ ಇಲ್ಲ. ಜೊತೆಗೆ ಒಯ್ಯಲೇಬೇಕು ಅಂದರೆ ವೈರ್ ಕಿತ್ತು, ಕೈಗೆ ಸಿಗದ ಹಾಗೆ ಡಿಕ್ಕಿಯಲ್ಲಿ ಇಡಿ. ಇನ್ನೊಂದು ಮಾತು. ಅಲ್ಲಿ ಗಂಟೆಗೆ 85 ಮೈಲಿ ದಾಟಿದರೆ ಅದು ಬರೀ ದಂಡ ಕಟ್ಟಿ ಬರುವ ತಪ್ಪಲ್ಲ, ಕ್ರಿಮಿನಲ್ ಕೇಸು. ಈ ಒಂದು ಪ್ರಯಾಣಕ್ಕೋಸ್ಕರವೇ ಕೊಳ್ಳುತ್ತಿದ್ದರೆ 200 ಡಾಲರ್ ಇರಲಿ, ಪೆಟ್ಟಿಗೆಯೇ ಬೇಡ ಅಂತ ನನ್ನ ಸಲಹೆ. ಮೇರಿಲ್ಯಾಂಡಿನ ಒಳಗಿನ ಓಡಾಟಕ್ಕೆ ಬೇಕಿದ್ದರೆ ಮುಂದೆ ಓದಿ.

ನಿಮ್ಮ ಗಿಗಾಹರ್ಟ್ಸ್ ಲೆಕ್ಕ ನನಗೆ ತುಂಬಾ ಇಷ್ಟವಾಯಿತು. ರೇಡಿಯೋ ರಿಸೀವರ್ ಕೆಲಸಕ್ಕೆ ಸೇರಿದ ಮೊದಲ ವಾರ ನಾನೂ ಇದೇ ಪ್ರಶ್ನೆ ಕೇಳಿದ್ದೆ. ಉತ್ತರ ಏನೆಂದರೆ, ಪ್ರೊಸೆಸರ್ ಆ 34 ಗಿಗಾಹರ್ಟ್ಸನ್ನು (ಅಂದರೆ ಸೆಕೆಂಡಿಗೆ 3,400 ಕೋಟಿ ಸಲ ಏರಿಳಿಯುವ ಅಲೆಯನ್ನು) ನೋಡುವುದೇ ಇಲ್ಲ.

ತಂಬೂರಿ ಶ್ರುತಿ ಮಾಡುವುದನ್ನು ನೋಡಿದ್ದೀರಲ್ವಾ? ನಡುವಿನ ಎರಡು ತಂತಿ ಒಂದೇ ಷಡ್ಜಕ್ಕೆ ಕೂಡಬೇಕು. ಒಂದು ಸೆಕೆಂಡಿಗೆ 240 ಸಲ, ಇನ್ನೊಂದು 242 ಸಲ ಕಂಪಿಸುತ್ತಿದ್ದರೆ ಸೆಕೆಂಡಿಗೆ ಎರಡು ಸಲ ವಂವ್, ವಂವ್ ಅಂತ ಒಂದು ಅಲೆ ಕೇಳುತ್ತದೆ. ಡಿಟೆಕ್ಟರ್ ಮಾಡುವುದೂ ಹೆಚ್ಚುಕಡಿಮೆ ಇದೇ. ಪೊಲೀಸ್ ರಡಾರಿನ ಅಲೆಯ ಪಕ್ಕಕ್ಕೆ ಬರುವ ಒಂದು ಅಲೆಯನ್ನು ತಾನೇ ಹುಟ್ಟಿಸುತ್ತದೆ. ಎರಡನ್ನೂ ಬೆರೆಸಿ, ಅವುಗಳ ವ್ಯತ್ಯಾಸವನ್ನಷ್ಟೇ ಉಳಿಸಿಕೊಳ್ಳುತ್ತದೆ. ಆ ವ್ಯತ್ಯಾಸ ತುಂಬಾ ಚಿಕ್ಕದು, ಸಾಧಾರಣ ಪ್ರೊಸೆಸರಿಗೂ ಎಟುಕುವಂಥದ್ದು. ಅಮೆರಿಕದ ಇಂಜಿನಿಯರ್ ಎಡ್ವಿನ್ ಆರ್ಮ್‌ಸ್ಟ್ರಾಂಗ್ 1918ರಲ್ಲಿ ರೂಪಿಸಿದ ಸೂಪರ್‌ಹೆಟರೊಡೈನ್ ಅಂದರೆ ಇದೇ. ಊರಿನ ಮನೆಯ ಹಳೇ ರೇಡಿಯೋದ ಒಳಗೂ ಇದೇ ಇತ್ತು. ಕಾರಿನ ಡಿಟೆಕ್ಟರಿನಲ್ಲಿ ಇದಕ್ಕೆ ಹೆಸರು ತಂದದ್ದು ಸಿನ್ಸಿನಾಟಿ ಮೈಕ್ರೋವೇವ್ ಕಂಪನಿ 1978ರಲ್ಲಿ ಹೊರತಂದ ಎಸ್ಕಾರ್ಟ್.

ನನ್ನ ಹಳೆಯ ಡಿಟೆಕ್ಟರ್ ಕೆಟ್ಟಾಗ ಅಡುಗೆಮನೆಯ ಮೇಜಿನ ಮೇಲೆ ಇಟ್ಟುಕೊಂಡು ನಾಲ್ಕು ಸ್ಕ್ರೂ ಬಿಚ್ಚಿದೆ. ಮುಂದೆ ಒಂದು ಲೋಹದ ತುತ್ತೂರಿ. ಬಾಯಿ ಅಗಲ, ಹಿಂದಕ್ಕೆ ಹೋಗುತ್ತಾ ಕಿರಿದು. ಅಲೆಗಳು ಒಳಗೆ ಬರುವುದು ಅಲ್ಲಿಂದ. ಅದರ ಕತ್ತಿನ ಹತ್ತಿರವೇ ಬೆರೆಸುವ ಭಾಗ. ಪ್ರೊಸೆಸರ್ ಇದ್ದದ್ದು ಬೋರ್ಡಿನ ಆ ತುದಿಯಲ್ಲಿ, ಕಿರುಬೆರಳ ಉಗುರಿನಷ್ಟು ಕಪ್ಪು ಚೌಕ. ದೂರದ ಸಣ್ಣ ಸದ್ದು ಕೇಳುವ ಶಕ್ತಿ ಇರುವುದು ಬಹುಮಟ್ಟಿಗೆ ಆ ತುತ್ತೂರಿ ಮತ್ತು ಅದರ ಹಿಂದಿನ ಭಾಗಗಳಲ್ಲಿ. ಅಲ್ಲಿ ಕಳೆದುಹೋದದ್ದನ್ನು ಎಷ್ಟೇ ಜೋರಾದ ಪ್ರೊಸೆಸರ್ ಬಂದರೂ ಮತ್ತೆ ಹುಟ್ಟಿಸಲಾರದು. (ಪೆಟ್ಟಿಗೆ ತಾನೇ ಹುಟ್ಟಿಸುವ ಅಲೆ ಇದೇ ಬಾಯಿಂದ ಸ್ವಲ್ಪ ಹೊರಗೂ ಸೋರುತ್ತದೆ. ಪೊಲೀಸರ ಬಳಿ ಆ ಸೋರಿಕೆಯನ್ನು ಹಿಡಿಯುವ ಯಂತ್ರಗಳಿವೆ. ವರ್ಜೀನಿಯಾದಲ್ಲಿ "ಯಾರಿಗೆ ಗೊತ್ತಾಗುತ್ತೆ" ಅಂದುಕೊಳ್ಳಬೇಡಿ.)

ಹಾಗಾದರೆ ವೇಗ ಎಲ್ಲಿ ಬೇಕು? ಹುಡುಕುವುದರಲ್ಲಿ ಮತ್ತು ತೀರ್ಮಾನ ಮಾಡುವುದರಲ್ಲಿ.

ಪೊಲೀಸ್ ರಡಾರ್ ಬಳಸುವ ಅಲೆಗಳ ಪಟ್ಟಿಗಳಿಗೆ ಬ್ಯಾಂಡ್ ಅಂತ ಹೆಸರು. ಕೆ ಬ್ಯಾಂಡ್ 24.050ರಿಂದ 24.250 ಗಿಗಾಹರ್ಟ್ಸ್‌ವರೆಗೆ, ಅಂದರೆ 200 ಮೆಗಾಹರ್ಟ್ಸ್ ಅಗಲ. ಕೆಎ ಬ್ಯಾಂಡ್ 33.4ರಿಂದ 36, ಅಂದರೆ 2,600 ಮೆಗಾಹರ್ಟ್ಸ್. ಹದಿಮೂರು ಪಟ್ಟು ದೊಡ್ಡ ಹೊಲ! ಡಿಟೆಕ್ಟರ್ ಇದನ್ನೆಲ್ಲ ಒಂದೇ ನೋಟಕ್ಕೆ ನೋಡುವುದಿಲ್ಲ. ರಾತ್ರಿ ತೋಟದ ಬೇಲಿಯ ಉದ್ದಕ್ಕೂ ಟಾರ್ಚ್ ಬಿಟ್ಟ ಹಾಗೆ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಹೋಗುತ್ತದೆ, ಮತ್ತೆ ಮೊದಲಿಂದ ಶುರು. ಪೊಲೀಸರು ವೇಗ ಅಳೆಯಲು ಬಳಸುವ ಕೆಲವು ರಡಾರ್ ಗನ್‌ಗಳಲ್ಲಿ ಪಾಪ್ ಅಂತ ಒಂದು ವಿಧಾನವಿದೆ, ಅಲೆ ಹೊರಬರುವುದು 67 ಮಿಲಿಸೆಕೆಂಡ್ ಮಾತ್ರ. ಟಾರ್ಚ್ ಆ ಹೊತ್ತಿಗೆ ಬೇಲಿಯ ಬೇರೆ ಕಡೆ ಇದ್ದರೆ ಕಾಣಲ್ಲ, ಅಷ್ಟೇ. ಇಲ್ಲಿ ವೇಗದ ಪ್ರೊಸೆಸರಿಗೆ ನಿಜವಾಗಲೂ ಬೆಲೆ ಇದೆ. ಆದರೆ ಹೊಲವನ್ನೇ ಕಿರಿದು ಮಾಡಿದರೂ ಅದೇ ಲಾಭ. ಅಮೆರಿಕದ ಕೆಎ ರಡಾರ್‌ಗಳು ಸಾಮಾನ್ಯವಾಗಿ 33.8, 34.7, 35.5ರ ಸುತ್ತ ಇರುತ್ತವೆ. ಒಳ್ಳೆಯ ಡಿಟೆಕ್ಟರುಗಳಲ್ಲಿ ಈ ಮೂರು ತುಂಡುಗಳನ್ನು ಮಾತ್ರ ನೋಡು ಅಂತ ಹೇಳುವ ಸೆಟ್ಟಿಂಗ್ ಇರುತ್ತದೆ. ಅದಕ್ಕೆ ಒಂದು ಡಾಲರೂ ಜಾಸ್ತಿ ಕೊಡಬೇಕಿಲ್ಲ.

ಇನ್ನು ತೀರ್ಮಾನ. ನನ್ನ ಮಟ್ಟಿಗೆ ಕಷ್ಟದ ಕೆಲಸ ಇದೇ. ಕೆ ಬ್ಯಾಂಡಿನಲ್ಲಿ ಪೊಲೀಸರು ಒಬ್ಬರೇ ಇಲ್ಲ. ಸೂಪರ್‌ಮಾರ್ಕೆಟ್ಟಿನ ತಾನೇ ತೆರೆಯುವ ಬಾಗಿಲು ಇದೆ. ಪಕ್ಕದ ಕಾರುಗಳಲ್ಲಿ ಬ್ಲೈಂಡ್ ಸ್ಪಾಟ್ (ಕನ್ನಡಿಗೆ ಕಾಣದ ಮೂಲೆ) ನೋಡುವ ರಡಾರ್ ಇದೆ. ಹೋದ ಚಳಿಗಾಲ ಕೊಲಂಬಸ್‌ನಿಂದ ಡೇಟನ್‌ಗೆ ಹೋಗುವಾಗ ನನ್ನ ಮುಂದೆ ಒಂದು ಬಿಳಿ ಎಸ್‌ಯುವಿ ಸಿಕ್ಕಿತು. ಹನ್ನೊಂದು ನಿಮಿಷ ನನ್ನ ಪೆಟ್ಟಿಗೆ ಬಡಕೊಂಡಿತು. ಅದು ಎಕ್ಸಿಟ್ ತಗೊಂಡ ಮೇಲೆಯೇ ಸುಮ್ಮನಾಗಿದ್ದು. ಅಂಥ ಕೂಗಿಗೆ ಕಿವಿ ಒಗ್ಗಿಹೋದರೆ ನಿಜವಾದ ಎಚ್ಚರಿಕೆ ಬಂದಾಗಲೂ ನಾವು ತಲೆ ಎತ್ತಲ್ಲ.

ಇದನ್ನು ತಡೆಯಲು ಫಿಲ್ಟರ್ ಇರುತ್ತದೆ. ಪೊಲೀಸ್ ಗನ್ನಿನ ಅಲೆ ಸಾಮಾನ್ಯವಾಗಿ ಒಂದೇ ಗಿಗಾಹರ್ಟ್ಸ್ ಅಂಕಿಯಲ್ಲಿ ನಿಂತಿರುತ್ತದೆ. ಕಾರಿನ ರಡಾರ್‌ಗಳು ಅನೇಕ ಸಲ ಅತ್ತಿತ್ತ ಜಾರುತ್ತಾ ಇರುತ್ತವೆ. ನಿಂತಿದೆಯಾ, ಜಾರುತ್ತಿದೆಯಾ ಅಂತ ತಿಳಿಯಲು ಪ್ರೊಸೆಸರ್ ಒಂದೇ ಸಲ ನೋಡಿದರೆ ಸಾಲದು, ಎರಡು ಮೂರು ಸಲ ನೋಡಬೇಕು. ಅಷ್ಟು ಹೊತ್ತು ಬಾಯಿ ಬಿಡುವುದಿಲ್ಲ. 65 ಮೈಲಿಯಲ್ಲಿ ನಿಮ್ಮ ಕಾರು ಸೆಕೆಂಡಿಗೆ 29 ಮೀಟರ್ ಓಡುತ್ತದೆ. ಅರ್ಧ ಸೆಕೆಂಡ್ ತಡ ಅಂದರೆ ಹದಿನಾಲ್ಕೂವರೆ ಮೀಟರ್. ಪೊಲೀಸರು ರಡಾರ್ ಸದಾ ಹಾಕಿಟ್ಟಿದ್ದರೆ ಇದು ಲೆಕ್ಕಕ್ಕೇ ಇಲ್ಲ. ಆದರೆ ಗನ್ ಆಫ್ ಮಾಡಿಟ್ಟು, ನಿಮಗಿಂತ ಅರ್ಧ ಮೈಲಿ ಮುಂದಿರುವ ಕಾರಿಗೆ ಮಾತ್ರ ಒಂದು ಕ್ಷಣ ಒತ್ತಿ ಬಿಟ್ಟರು ಅನ್ನಿ. ಅದರ ಚೂರುಪಾರು ಮಾತ್ರ ನಿಮ್ಮವರೆಗೆ ಬರುತ್ತದೆ. ಫಿಲ್ಟರ್ ಮೂರನೇ ಸಲ ನೋಡುವಷ್ಟರಲ್ಲಿ ಅದು ಮಾಯ. ನಿಮಗೆ ಸಿಗಬಹುದಾಗಿದ್ದ ಒಂದೇ ಎಚ್ಚರಿಕೆ ಹಾಗೆ ಹೋಗುತ್ತದೆ. ವೇಗದ ಪ್ರೊಸೆಸರ್ ಇದ್ದರೆ ಅಷ್ಟೇ ಹೊತ್ತಿನಲ್ಲಿ ಜಾಸ್ತಿ ಸಲ ನೋಡಬಹುದು. ಸಾಫ್ಟ್‌ವೇರ್ ಬರೆದವರು ಆ ವೇಗವನ್ನು ಅದಕ್ಕೇ ಬಳಸಿರಬೇಕು. ಪರದೆಯ ಬಣ್ಣಕ್ಕೋ ಬ್ಲೂಟೂತ್‌ಗೋ ಖರ್ಚಾಗಿದ್ದರೆ ನಿಮಗೇನು ಬಂತು?

ನಾನೂ ಒಮ್ಮೆ "ಎರಡು ಪಟ್ಟು ವೇಗ" ಅನ್ನುವ ಮಾತು ನಂಬಿ ಕೊಂಡಿದ್ದೆ. ಫಿಲ್ಟರ್ ಆಫ್ ಮಾಡುವ ದಾರಿಯೇ ಅದರಲ್ಲಿ ಇರಲಿಲ್ಲ. ಎರಡು ವಾರಕ್ಕೆ ಹಿಂತಿರುಗಿಸಿದೆ. ಆದ್ದರಿಂದ ಅಂಗಡಿಯಲ್ಲಿ ಹೀಗೆ ಕೇಳಿ: ಫಿಲ್ಟರನ್ನು ಬೇಕಾದಾಗ ಆಫ್ ಮಾಡಬಹುದಾ? ಕೆಎ ತುಂಡುಗಳನ್ನು ಆರಿಸಿಕೊಳ್ಳಬಹುದಾ? ಜಿಪಿಎಸ್ ಇದೆಯಾ, ದಿನಾ ಕೂಗುವ ಅಂಗಡಿ ಬಾಗಿಲನ್ನು ಜಾಗದ ಸಮೇತ ನೆನಪಿಟ್ಟುಕೊಂಡು ಸುಮ್ಮನಿರುತ್ತದೆಯಾ? ಫರ್ಮ್‌ವೇರ್ (ಪೆಟ್ಟಿಗೆಯ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಬರುತ್ತಾ ಇರುತ್ತದೆಯಾ? ಈ ಕೊನೆಯದು ಮುಖ್ಯ. ರಸ್ತೆಗೆ ಹೊಸ ಕಾರು, ಹೊಸ ರಡಾರ್ ಬರುತ್ತಲೇ ಇರುತ್ತವೆ. ನಾಲ್ಕಕ್ಕೂ ಹೌದು ಅನ್ನುವುದು ಕಡಿಮೆ ಬೆಲೆಯದ್ದಾದರೆ ಅದನ್ನೇ ತಗೊಳ್ಳಿ. ಗಾಜಿಗೆ ಕೂರಿಸುವಾಗ ಮಟ್ಟವಾಗಿರಲಿ, ತುತ್ತೂರಿಯ ಎದುರಿಗೆ ವೈಪರ್ ಬರದಿರಲಿ.

ಪ್ರಶ್ನೆ: ಬೆಂಗಳೂರು–ಮೈಸೂರು ಹೆದ್ದಾರಿಗೆ ಅಮೆರಿಕದಿಂದ ಅಣ್ಣನ ಕೈಲಿ ಒಂದು ಡಿಟೆಕ್ಟರ್ ತರಿಸಬಹುದಾ?
— ಓದುಗರೊಬ್ಬರು, ಮಂಡ್ಯ

ಉತ್ತರ: ಬೇಡ. ಅಲ್ಲಿನ ಕಂಬಗಳ ಮೇಲೆ ನಂಬರ್ ಪ್ಲೇಟ್ ಓದುವ ಕ್ಯಾಮೆರಾಗಳಿವೆ. ಪ್ಲೇಟ್ ಓದುವ ಕ್ಯಾಮೆರಾ ರಡಾರ್ ಅಲೆ ಬಿಡುವುದಿಲ್ಲ, ಹಿಡಿಯಲು ಪೆಟ್ಟಿಗೆಗೆ ಏನೂ ಸಿಗಲ್ಲ. ಪೊಲೀಸರ ಕೈಯಲ್ಲಿ ಲೇಸರ್ ಗನ್ ಇದ್ದರೆ ಅದರ ಬೆಳಕು 300 ಮೀಟರ್ ದೂರದಲ್ಲೂ ಸುಮಾರು ಒಂದು ಮೀಟರ್ ಅಗಲ ಮಾತ್ರ. ಅದು ನಿಮ್ಮ ಕಾರಿಗೆ ಬಿದ್ದು ಪೆಟ್ಟಿಗೆ ಕೂಗುವ ಹೊತ್ತಿಗೆ ನಿಮ್ಮ ವೇಗ ಅವರ ಪರದೆಯ ಮೇಲೆ ಬಂದಾಗಿರುತ್ತದೆ.